ಟೆಕ್ಸಾಸ್‌ನಲ್ಲಿ ಯಾವ ಸಿಲೆಬಸ್ ಎಂದು ಕೇಳಿದ ತಂಗಿಗೆ

ತಂಗೀ, ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಎಲ್ಲೋ ಒಳಗೆ ಚುರುಕ್ ಅಂತು. "ಅಕ್ಕಾ, ಜುಲೈನಲ್ಲಿ ಡಲ್ಲಾಸ್ ಕಡೆ ಬರುತ್ತಿದ್ದೇವೆ. ಮಗಳು ಏಳನೇ ಕ್ಲಾಸಿಗೆ, ಮಗ ಮೂರಕ್ಕೆ. ಅಲ್ಲಿ ಸ್ಟೇಟ್ ಸಿಲೆಬಸ್ಸಾ, ಸಿಬಿಎಸ್‌ಇ ತರಹದ್ದಾ? ಪುಸ್ತಕ ಈಗಲೇ ತರಿಸಿ ಓದಿಸಲಾ? ಫೇಲ್ ಮಾಡುತ್ತಾರಾ? ಸೇರಿಸುವಾಗ ಏನೇನು ಕೇಳುತ್ತಾರೆ?" 2007ರಲ್ಲಿ ನಾನೂ ಇದೇ ನಾಲ್ಕು ಪ್ರಶ್ನೆ ಹೊತ್ತುಕೊಂಡು ಬಂದಿಳಿದಿದ್ದೆ. ಮೂರಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ಕೊನೆಯದು ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಸಿಬಿಎಸ್‌ಇ ತರಹದ್ದು ಇಲ್ಲಿಲ್ಲ. ಇಡೀ ಅಮೆರಿಕಕ್ಕೆ ಒಂದು ಬೋರ್ಡ್ ಎಂಬುದೇ ಇಲ್ಲ. ಇವರ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಬರುವುದಿಲ್ಲ, ಅದು ರಾಜ್ಯಗಳ ಪಾಲು. ಕೇಂದ್ರ ಸರ್ಕಾರದ 2015ರ ಕಾನೂನು 3ರಿಂದ 8ನೇ ತರಗತಿಯವರೆಗೆ ವರ್ಷವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಸಿ ಎನ್ನುತ್ತದೆ, ಏನು ಕಲಿಸಬೇಕು ಎಂಬ ತಂಟೆಗೆ ಬರುವುದಿಲ್ಲ. 2010ರ ಹೊತ್ತಿಗೆ ಹೆಚ್ಚಿನ ರಾಜ್ಯಗಳು ಕಾಮನ್ ಕೋರ್ ಎಂಬ ಒಂದೇ ಮಾದರಿಗೆ ಒಪ್ಪಿಕೊಂಡಾಗ ಟೆಕ್ಸಾಸ್ ಒಪ್ಪಲಿಲ್ಲ. ಒಪ್ಪದೆ ಸುಮ್ಮನಿರಲೂ ಇಲ್ಲ, 2013ರಲ್ಲಿ ನಮ್ಮ ಶಾಲೆಗಳಲ್ಲಿ ಅದು ಕೂಡದು ಎಂದು ಕಾನೂನೇ ಮಾಡಿತು. ಇಲ್ಲಿಯವರ ಸ್ವಭಾವ ತಿಳಿಯಲು ಅದೊಂದು ಸಾಕು.

ಟೆಕ್ಸಾಸ್‌ನದು ಟೀಕ್ಸ್. ಪೂರ್ತಿ ಹೆಸರು ಟೆಕ್ಸಾಸ್ ಎಸೆನ್ಷಿಯಲ್ ನಾಲೆಡ್ಜ್ ಅಂಡ್ ಸ್ಕಿಲ್ಸ್. ಯಾವ ವಿಷಯ ಇರಲೇಬೇಕು ಎಂದು ಆಸ್ಟಿನ್‌ನ ಶಾಸನಸಭೆ ಕಾನೂನು ಬರೆಯುತ್ತದೆ. ಯಾವ ತರಗತಿಯಲ್ಲಿ ಎಷ್ಟು, ಹೇಗೆ ಎಂಬುದನ್ನು 15 ಜನರ ರಾಜ್ಯ ಶಿಕ್ಷಣ ಮಂಡಳಿ ಗೊತ್ತು ಮಾಡುತ್ತದೆ. ಆ 15 ಜನ ನಮ್ಮ ಡಿಡಿಪಿಐಗಳ ಹಾಗೆ ಅಧಿಕಾರಿಗಳಲ್ಲ, ಓಟು ಗೆದ್ದು ಬಂದವರು. ಸರ್ಕಾರ ಬದಲಾದಾಗೆಲ್ಲ ನಮ್ಮಲ್ಲಿ ಪಠ್ಯಪುಸ್ತಕದ ಗಲಾಟೆ ಏಳುತ್ತದಲ್ಲ, ಇಲ್ಲಿ ಅದು ಈ ಮಂಡಳಿಯ ಸಭೆಯಲ್ಲಿ ಏಳುತ್ತದೆ. ತಂದೆತಾಯಂದಿರು, ಮೇಷ್ಟ್ರುಗಳು, ಪಾದ್ರಿಗಳು ಎಲ್ಲ ಸಾಲಾಗಿ ಬಂದು ಮೈಕಿನ ಮುಂದೆ ತಮ್ಮ ತಮ್ಮ ಮಾತು ಹೇಳಿ ಹೋಗುತ್ತಾರೆ.

ಪುಸ್ತಕ ತರಿಸಬೇಡಿ. ಟೀಕ್ಸ್ ಅಂದರೆ ಪುಸ್ತಕವಲ್ಲ, ಮಗುವಿಗೆ ಏನು ಬರಬೇಕು ಎಂಬ ಪಟ್ಟಿ. ಅದನ್ನು ಯಾವ ಪುಸ್ತಕದಿಂದ ಕಲಿಸುವುದು ಎಂಬುದು ಆಯಾ ಸ್ಕೂಲ್ ಡಿಸ್ಟ್ರಿಕ್ಟಿನ ಇಷ್ಟ. ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಲ್ಲ, ಒಂದಷ್ಟು ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ರಸ್ತೆಯ ಈ ಬದಿ ಒಂದು ಡಿಸ್ಟ್ರಿಕ್ಟ್, ಆ ಬದಿ ಇನ್ನೊಂದು, ಪುಸ್ತಕವೂ ಬೇರೆ. ಪಟ್ಟಿ ಮಾತ್ರ ಒಂದೇ, ಪುಕ್ಕಟೆ ಓದಲು ಸಿಗುತ್ತದೆ. ಏಳನೇ ತರಗತಿಯಲ್ಲಿ ಸದ್ಯಕ್ಕೆ ಇಡೀ ವರ್ಷ ಟೆಕ್ಸಾಸ್ ಇತಿಹಾಸ. ನಮಗೆ ಕಿತ್ತೂರು ಹೇಗೋ ಇವರಿಗೆ 1836ರ ಅಲಾಮೊ ಕೋಟೆಯ ಕಾಳಗ ಹಾಗೆ. ಮಗಳಿಗೆ ಆ ಒಂದು ಕಥೆ ಮೊದಲೇ ಹೇಳಿಟ್ಟಿರಿ, ತರಗತಿಯಲ್ಲಿ ತಬ್ಬಿಬ್ಬಾಗುವುದಿಲ್ಲ.

ಗಣಿತದಲ್ಲಿ ನಿಮ್ಮ ಮಕ್ಕಳು ಮುಂದೆಯೇ ಇರುತ್ತಾರೆ. ಆದರೆ ಮಗ್ಗಿ ಒಪ್ಪಿಸಿದರೆ ಇಲ್ಲಿ ಯಾರೂ ಬೆನ್ನು ತಟ್ಟುವುದಿಲ್ಲ, ಉತ್ತರ ಹೇಗೆ ಬಂತು ಅಂತ ಬಿಡಿಸಿ ಬರೆ ಎನ್ನುತ್ತಾರೆ. ಮಗಳ ಕೌನ್ಸೆಲರ್ ಹತ್ತಿರ ಒಂದೇ ಮಾತು ಕೇಳಿ: ಎಂಟನೇ ತರಗತಿಯಲ್ಲಿ ಆಲ್ಜಿಬ್ರಾ ಒನ್, ಅಂದರೆ ಹೈಸ್ಕೂಲಿನ ಮೊದಲ ಬೀಜಗಣಿತ, ತೆಗೆದುಕೊಳ್ಳುವ ದಾರಿಯಲ್ಲಿ ಇದ್ದಾಳಾ ಎಂದು. ಕೇಳದಿದ್ದರೆ ಅವರಾಗಿ ಹೇಳುವುದು ಕಷ್ಟ. ಮಗನಿಗೆ ಆ ತಾಪತ್ರಯ ಕಡಿಮೆ. 2023ರ ಕಾನೂನಿನ ಪ್ರಕಾರ ಐದನೇ ತರಗತಿಯ ರಾಜ್ಯ ಪರೀಕ್ಷೆಯ ಗಣಿತದಲ್ಲಿ ಮೇಲಿನ ಶೇಕಡಾ 40ರೊಳಗೆ ಬಂದ ಮಕ್ಕಳನ್ನು ಆರರಲ್ಲಿ ತಾವಾಗಿಯೇ ಮುಂದುವರಿದ ಗಣಿತಕ್ಕೆ ಹಾಕಬೇಕು, ಬೇಡ ಅನ್ನುವುದಿದ್ದರೆ ತಂದೆತಾಯಿ ಬರೆದುಕೊಡಬೇಕು. ಕೇಳಲು ಬಾರದ ನಮ್ಮಂಥವರಿಗಾಗಿಯೇ ಬರೆದ ಕಾನೂನಿದು ಅಂತ ನನಗನ್ನಿಸುತ್ತದೆ.

ಫೇಲಿನ ವಿಷಯ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಮನೆಯಲ್ಲಿ ಪಾಯಸ. ಇಲ್ಲಿ ತರಗತಿಯ ಅಂಕ 70ಕ್ಕಿಂತ ಕೆಳಗಿಳಿದರೆ ಆಟದ ತಂಡ, ಬ್ಯಾಂಡು ಎಲ್ಲದರಿಂದ ಕೆಲವು ವಾರ ಹೊರಗೆ. 'ನೋ ಪಾಸ್, ನೋ ಪ್ಲೇ' ಅಂತಾರೆ, 1984ರ ಕಾನೂನು. ಕಿಂಡರ್‌ಗಾರ್ಟನ್ನಿನಿಂದ ನಾಲ್ಕನೇ ತರಗತಿವರೆಗೆ ಒಂದು ಕೋಣೆಯಲ್ಲಿ 22 ಮಕ್ಕಳಿಗಿಂತ ಹೆಚ್ಚಿರಬಾರದು ಎಂಬ ಮಿತಿಯೂ ಅದರಲ್ಲಿಯೇ ಬಂದದ್ದು. ಅರವತ್ತು ಮಕ್ಕಳಿಗೆ ಪಾಠ ಹೇಳಿದ ನನಗೆ ಮೊದಲ ದಿನ ಆ ಕೋಣೆ ನೋಡಿ ಉಳಿದವರೆಲ್ಲ ರಜೆ ಹಾಕಿದ್ದಾರೇನೋ ಅನ್ನಿಸಿತ್ತು. ರಾಜ್ಯದ ಪರೀಕ್ಷೆ ಬೇರೆ, ಅದರ ಹೆಸರು ಸದ್ಯ ಸ್ಟಾರ್. ಅದರಲ್ಲಿ ಹಿಂದೆ ಬಿದ್ದರು ಎಂಬ ಒಂದೇ ಕಾರಣಕ್ಕೆ ಅದೇ ತರಗತಿಯಲ್ಲಿ ಕೂರಿಸುವ ಪದ್ಧತಿಯನ್ನು 2021ರಲ್ಲಿ ತೆಗೆದುಹಾಕಿದರು, ಬದಲಿಗೆ ಹೆಚ್ಚುವರಿ ಪಾಠದ ಗಂಟೆಗಳಿವೆ. 2025ರಲ್ಲಿ ಇನ್ನೊಂದು ಕಾನೂನು ಬಂತು: 2027-28ರಿಂದ ಸ್ಟಾರ್ ಹೋಗಿ ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆ. ನನ್ನ ಮಗಳು ಎಂಟನೆಯಲ್ಲಿದ್ದಾಗ ಹೈಸ್ಕೂಲು ಮುಗಿಸಲು 15 ಪರೀಕ್ಷೆ ಅಂದಿದ್ದರು. ಆ ಬೇಸಿಗೆ ಕಳೆಯುವಷ್ಟರಲ್ಲಿ ಅದು ಐದಾಗಿತ್ತು. ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ 140 ದಿನ ಕೂರುತ್ತದೆ, ಎದ್ದು ಹೋಗುವಾಗ ಶಾಲೆಯಲ್ಲಿ ಏನಾದರೂ ಒಂದು ಬದಲಾಗಿರುತ್ತದೆ. ಅಭ್ಯಾಸವಾಗಿಬಿಡುತ್ತದೆ.

ಇನ್ನು ಸೇರಿಸುವಾಗ ಏನು ಕೇಳುತ್ತಾರೆ ಎಂಬುದು. ಲಸಿಕೆಯ ಚೀಟಿ, ಹುಟ್ಟಿದ ದಿನಾಂಕದ ದಾಖಲೆ, ಬಾಡಿಗೆ ಕರಾರು, ಹಳೆಯ ಅಂಕಪಟ್ಟಿ. ಅದೆಲ್ಲ ನೀವು ಜೋಡಿಸಿಕೊಂಡು ಬರುತ್ತೀರಿ, ನನಗೆ ಚಿಂತೆಯಿಲ್ಲ. ಫಾರಂಗಳ ಆ ಕಟ್ಟಿನಲ್ಲಿ ಒಂದು ತೆಳ್ಳನೆಯ ಹಾಳೆ ಇರುತ್ತದೆ, ಹೋಮ್ ಲ್ಯಾಂಗ್ವೇಜ್ ಸರ್ವೆ ಅಂತ. ನಾವು ಬಂದಾಗ ಅದರಲ್ಲಿದ್ದದ್ದು ಎರಡೇ ಪ್ರಶ್ನೆ. ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತೀರಿ? ಮಗು ಹೆಚ್ಚಾಗಿ ಯಾವ ಭಾಷೆ ಆಡುತ್ತದೆ?

ನಾನು ಸಾಗರದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವಳು. ಮಗಳು ಅಲ್ಲೇ ನನ್ನ ಕಣ್ಣೆದುರೇ ಎರಡನೇ ಕ್ಲಾಸು ಮುಗಿಸಿದ್ದಳು. ಆಗ ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೆಯಲ್ಲಿ. ಅವಳಿಗೆ ಬರುತ್ತಿದ್ದದ್ದು ಎಬಿಸಿಡಿ, ಎರಡು ಪದ್ಯ, ಮತ್ತು 'ಮೇ ಐ ಗೋ ಔಟ್'. ಕನ್ನಡ ಮಾತ್ರ ನೀರು ಕುಡಿದ ಹಾಗೆ ಓದುತ್ತಿದ್ದಳು. ಆದರೆ ಆಗಸ್ಟಿನ ಆ ಸುಡುಬಿಸಿಲಲ್ಲಿ ಶಾಲೆಯ ಆಫೀಸಿಗೆ ಹೊರಡುವ ಮುಂಚೆ ಯಜಮಾನರ ಪರಿಚಯದವರೊಬ್ಬರು ಫೋನಿನಲ್ಲಿ ಹೇಳಿದ್ದರು: "ಭಾಷೆ ಕೇಳಿದ್ರೆ ಇಂಗ್ಲಿಷ್ ಅಂತ ಬರೀರಿ. ಕನ್ನಡ ಅಂದ್ರೋ, ಮಗೂನ ಇಎಸ್‌ಎಲ್‌ಗೆ ಹಾಕ್ತಾರೆ, ದಡ್ಡರ ಜೊತೆ ಕೂರಿಸ್ತಾರೆ, ಮತ್ತೆ ಹೊರಗೆ ಬರಕ್ಕಾಗಲ್ಲ." ಇಎಸ್‌ಎಲ್ ಅಂದರೆ ಮನೆಮಾತು ಬೇರೆ ಇರುವ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ವ್ಯವಸ್ಥೆ. ನಾವು ಹೊಸಬರು, ಅವರು ಆರು ವರ್ಷದಿಂದ ಇದ್ದವರು. ಎರಡೂ ಪ್ರಶ್ನೆಯ ಮುಂದೆ ಇಂಗ್ಲಿಷ್ ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿತ್ತು, ಟೀಚರ್ ಕೈ ನೋಡಿ. ಪಕ್ಕದಲ್ಲಿ ನಿಂತವಳು "ಅಮ್ಮಾ, ನೀರು" ಅಂತ ಸೆರಗು ಎಳೆಯುತ್ತಿದ್ದಳು.

ಆ ಹಾಳೆಯ ಅರ್ಥ ನನಗೆ ತಿಳಿದದ್ದು ವರ್ಷಗಳ ಮೇಲೆ. ಅದು ಜಾತಿ ಕಾಲಮ್ಮಿನಂಥ ಒಂದು ಕಾಲಮ್ಮು ಅಂದುಕೊಂಡಿದ್ದೆ. ಅದು ಬಾಗಿಲು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆದರೆ ಮಗುವಿನ ಇಂಗ್ಲಿಷ್ ಎಷ್ಟಿದೆ ಎಂದು ಪರೀಕ್ಷಿಸಲೇಬೇಕು, ನಾಲ್ಕು ವಾರದೊಳಗೆ ಸಮಿತಿಯೊಂದು ಕೂತು ತೀರ್ಮಾನಿಸಬೇಕು, ಆ ಸಮಿತಿಯಲ್ಲಿ ಪೋಷಕರೊಬ್ಬರೂ ಇರಬೇಕು. 1981ರಲ್ಲಿ ಕೋರ್ಟಿನ ಜಗಳದ ಹಿಂದೆಯೇ ಬಂದ ಕಾನೂನು ಕಟ್ಟಿದ ವ್ಯವಸ್ಥೆ ಅದು. ಇಡೀ ಡಿಸ್ಟ್ರಿಕ್ಟಿನಲ್ಲಿ ಒಂದೇ ಭಾಷೆಯ ಇಂಥ ಇಪ್ಪತ್ತು ಮಕ್ಕಳು ಒಂದು ತರಗತಿಯಲ್ಲಿ ಸಿಕ್ಕರೆ ಆ ಭಾಷೆಯಲ್ಲೇ ಪಾಠ ಕೊಡಬೇಕು, ಇಲ್ಲವಾದರೆ ಇಎಸ್‌ಎಲ್ ತರಬೇತಿ ಪಡೆದ ಟೀಚರ್. ಸೇವೆ ಬೇಡವೆಂದರೆ ಪೋಷಕರು ನಿರಾಕರಿಸಲೂಬಹುದು. ಇಷ್ಟೆಲ್ಲ ನನ್ನ ಮಗಳಿಗಾಗಿ ಕಾದಿತ್ತು. ನಾನು ಒಂದು ಶಬ್ದ ಬರೆದು ಬಾಗಿಲು ಹಾಕಿದೆ. ಸುಳ್ಳು ಬರೆದೆ ಎಂದು ಯಾರೂ ಹಿಡಿಯಲಿಲ್ಲ. ಹಿಡಿದಿದ್ದರೆ ಚೆನ್ನಾಗಿರುತ್ತಿತ್ತು.

ಆ ವರ್ಷ ಮೂರನೇ ತರಗತಿಯಲ್ಲಿ ರಾಜ್ಯದ ಓದಿನ ಪರೀಕ್ಷೆ ಪಾಸಾಗದಿದ್ದರೆ ನಾಲ್ಕಕ್ಕೆ ಕಳಿಸುವಂತಿಲ್ಲ ಎಂಬ ನಿಯಮವಿತ್ತು. ಪರೀಕ್ಷೆಯ ಹೆಸರು ಆಗ ಟಾಕ್ಸ್, ಮೂರು ಅವಕಾಶ. (2009ರಲ್ಲಿ ಮೂರನೇ ತರಗತಿಯ ಆ ನಿಯಮ ತೆಗೆದರು, ನಮಗೆ ತಡವಾಗಿತ್ತು.) ಹೊಸದಾಗಿ ಬಂದ ಮಗು, ಭಾಷೆ ಬಾರದು ಎಂಬ ದಾಖಲೆ ಇದ್ದಿದ್ದರೆ ಅವಳ ವಿಷಯದಲ್ಲಿ ಸಮಿತಿ ಬೇರೆ ರೀತಿ ಯೋಚಿಸಬಹುದಿತ್ತು. ದಾಖಲೆಯಲ್ಲಿ ಅವಳು ಇಂಗ್ಲಿಷ್ ಮನೆಯ ಹುಡುಗಿ. ಹಾಗಾಗಿ ಟೀಚರಿಗೆ ಕಂಡದ್ದು ಮಾತಾಡದ, ಉತ್ತರ ಬರೆಯದ, ಮಂಕಾದ ಒಂದು ಮಗು. ಒಂದು ಸಂಜೆ ಅಭ್ಯಾಸದ ಹಾಳೆ ತಂದಳು. ಅಜ್ಜ ಮೊಮ್ಮಗ ಪೋರ್ಚಿನಲ್ಲಿ ಕೂತು ಮಳೆ ನೋಡುವ ಕಥೆ. "ಅಮ್ಮಾ, ಪೋರ್ಚ್ ಅಂದ್ರೆ ಏನು?" "ಜಗಲಿ ಕಣೇ." ಅಷ್ಟೇ ಸಾಕಾಯಿತು. ಜಗಲಿ, ಅಜ್ಜ, ಮಳೆ. ಉಳಿದ ಕಥೆಯನ್ನು ಅವಳೇ ನನಗೆ ಕನ್ನಡದಲ್ಲಿ ಹೇಳಿದಳು, ಪ್ರಶ್ನೆಗಳಿಗೂ ಕನ್ನಡದಲ್ಲಿ ಸರಿ ಉತ್ತರ ಕೊಟ್ಟಳು. ಮಗು ಮಂಕಾಗಿರಲಿಲ್ಲ, ಅವಳಿಗೆ ಬೇಕಾದದ್ದು ಒಂದು ಜಗಲಿ. ಶಾಲೆಯಲ್ಲಿ ಅದನ್ನು ಹೇಳಲು ಯಾರೂ ಇರಲಿಲ್ಲ.

ಮೊದಲ ಸಲ ಫೇಲಾದಳು. ಎರಡನೇ ಸಲ ಪಾಸಾದಳು. ಆದರೆ ಆ ಎರಡು ಪರೀಕ್ಷೆಗಳ ನಡುವೆ ನಾನೊಂದು ಕೆಲಸ ಮಾಡಿದೆ. ಫಾರಂನಲ್ಲಿ ಬರೆದದ್ದನ್ನು ನಿಜ ಮಾಡಲು ಹೊರಟೆ. ಮನೆಯಲ್ಲಿ ಕನ್ನಡ ಬಂದ್. ನನಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಊಟಕ್ಕೆ ಕರೆದೆ, ಬೈದೆ, ಮಲಗಿಸಿದೆ. ಐದನೇ ಕ್ಲಾಸಿನ ಹೊತ್ತಿಗೆ ಅವಳು ಕನ್ನಡದ ಪುಸ್ತಕ ತೆಗೆಯುವುದನ್ನು ಬಿಟ್ಟಿದ್ದಳು.

ತಮಾಷೆ ನೋಡಿ. ಹೈಸ್ಕೂಲಿಗೆ ಬಂದಾಗ ಇದೇ ರಾಜ್ಯದ ಕಾನೂನು ಹೇಳಿತು, ಇಂಗ್ಲಿಷ್ ಅಲ್ಲದ ಒಂದು ಭಾಷೆಯಲ್ಲಿ ಎರಡು ಕ್ರೆಡಿಟ್, ಅಂದರೆ ಎರಡು ವರ್ಷದ ಪಾಠ, ಬೇಕು ಅಂತ. ಮಗಳು ಎರಡು ವರ್ಷ ಸ್ಪ್ಯಾನಿಷ್ ಕಲಿತಳು. ಒಳ್ಳೆ ಭಾಷೆ, ನನಗೇನೂ ಸಿಟ್ಟಿಲ್ಲ. ಭಾಷೆಗಳಿಗೆ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ದಾರಿಯೂ ಇದೆ. ನಿಮ್ಮ ಮಗಳ ಕನ್ನಡಕ್ಕೆ ನಿಮ್ಮ ಡಿಸ್ಟ್ರಿಕ್ಟ್ ಒಪ್ಪುತ್ತದೆಯೇ ಎಂದು ಎಂಟನೆಯಲ್ಲಿರುವಾಗಲೇ ವಿಚಾರಿಸಿ. ನನ್ನವಳು ಈಗ ದೊಡ್ಡ ಕೆಲಸದಲ್ಲಿದ್ದಾಳೆ, ಅದರ ಬಗ್ಗೆ ಹೆಮ್ಮೆಯೂ ಇದೆ, ಸಂದರ್ಭ ಸಿಕ್ಕಾಗೆಲ್ಲ ಹೇಳಿಕೊಳ್ಳುತ್ತೇನೆ. ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿ ಮೊಮ್ಮಗಳು "ಊಟ ಆಯ್ತಾ" ತನಕ ಚೆನ್ನಾಗಿ ಮಾತಾಡುತ್ತಾರೆ. ಆಮೇಲೆ ಫೋನು ನನ್ನ ಕೈಗೆ ಬರುತ್ತದೆ.

ಆಗ ಇಂಥ ಮಕ್ಕಳಿಗೆ ಕಾನೂನಿನಲ್ಲಿದ್ದ ಹೆಸರು ಲಿಮಿಟೆಡ್ ಇಂಗ್ಲಿಷ್ ಪ್ರೊಫಿಷಿಯೆನ್ಸಿ. ಆ 'ಲಿಮಿಟೆಡ್' ಕೇಳಿಯೇ ನಾವು ಹೆದರಿದ್ದು. 2021ರಲ್ಲಿ ಕಾನೂನು ತಿದ್ದಿ ಅದನ್ನು ಎಮರ್ಜೆಂಟ್ ಬೈಲಿಂಗ್ವಲ್ ಮಾಡಿದರು, ಎರಡು ಭಾಷೆ ಮೂಡುತ್ತಿರುವ ಮಗು. ಹೆಸರು ಬದಲಾದರೆ ಏನು ಮಹಾ ಎನ್ನುವವರಿದ್ದಾರೆ. ನನಗೆ 2007ರಲ್ಲಿ ಆ ಹೆಸರು ಸಿಕ್ಕಿದ್ದರೆ ಕೈ ಬೇರೆ ಶಬ್ದ ಬರೆಯುತ್ತಿತ್ತೋ ಏನೋ.

ಮಗ ಇಎಸ್‌ಎಲ್‌ನಲ್ಲೇ ಸಿಕ್ಕಿಕೊಂಡರೆ ಎಂಬ ಭಯ ನಿಮಗೂ ಇರುತ್ತದೆ. ವರ್ಷಕ್ಕೊಮ್ಮೆ ಟೆಲ್ಪಾಸ್ ಅಂತ ಪರೀಕ್ಷೆ ಇದೆ, ಕೇಳುವುದು, ಮಾತು, ಓದು, ಬರಹ. ಮಟ್ಟ ಮುಟ್ಟಿದವರು ಹೊರಗೆ ಬರುತ್ತಾರೆ. ಮನೆಯಲ್ಲಿ ಕನ್ನಡ ಚೆನ್ನಾಗಿ ಓದುವ ಮಗು ಬೇಗ ದಾಟುವುದನ್ನು ನಾನೇ ನೋಡಿದ್ದೇನೆ. ಬರುವಾಗ ಮಗನ ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಸೂಟ್‌ಕೇಸಿಗೆ ಹಾಕಿಕೊಳ್ಳಿ, ಗಣಿತದ್ದು ಬಿಡಿ, ಭಾರ.

ಕೆಲವು ವರ್ಷಗಳಿಂದ ನಾನು ಇಲ್ಲಿನ ಒಂದು ಶಾಲೆಯ ಆಫೀಸಿನಲ್ಲೇ ಕೆಲಸಕ್ಕಿದ್ದೇನೆ. ಆ ಹಾಳೆಯನ್ನು ಈಗ ಕೊಡುವವಳೇ ನಾನು. ಏನು ಬರೆಯಬೇಕು ಎಂದು ನಾನು ಹೇಳಿಕೊಡುವಂತಿಲ್ಲ. ಹೋದ ಆಗಸ್ಟಿನಲ್ಲಿ ಒಬ್ಬರು ಬಂದಿದ್ದರು, ಜೊತೆಗೆ ಕುರ್ಚಿ ಹತ್ತಿ ಇಳಿಯುತ್ತಿದ್ದ ಪುಟ್ಟ ಹುಡುಗ. "ಏಯ್, ಸುಮ್ನೆ ಕೂತ್ಕೋತೀಯೋ ಇಲ್ವೋ" ಎಂದು ಗದರಿಸುತ್ತಲೇ ಹಾಳೆಯ ಮೇಲೆ ಇಂಗ್ಲಿಷ್ ಎಂದು ಬರೆಯುತ್ತಿದ್ದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, "ಸಾರ್, ಈಗ ಬೈದದ್ದು ಯಾವ ಭಾಷೇಲಿ?" ಅವರು ತಲೆ ಎತ್ತಿ ನೋಡಿದರು. ಹುಡುಗ ನನ್ನ ಕಡೆ ತಿರುಗಿ, "ಆಂಟೀ, ನಿಮ್ಗೂ ಕನ್ನಡ ಬರುತ್ತಾ?" ಅಂದ. ಅವರು ಇನ್ನೊಂದು ಹಾಳೆ ಕೊಡಿ ಎಂದು ಕೇಳಿದರು.