ಚಾರ್ಮಾಡಿಯಲ್ಲೇ ವಾಂತಿ ಮಾಡುವವರು ಹಡಗು ಹತ್ತಬಹುದೇ?

ಹಿಂದೆಲ್ಲ ಡಿಸೆಂಬರ್ ಹತ್ತಿರ ಬಂದರೆ ಘಾಟಿ ಬಸ್ಸಿನ ಪ್ರಶ್ನೆಗಳು ಬರುತ್ತಿದ್ದವು. ಈಗ ಎಲ್ಲರೂ ಹಡಗಿನ ಬಗ್ಗೆ ಕೇಳುತ್ತಿದ್ದಾರೆ. ವಾಂತಿಯ ಪ್ರಶ್ನೆಗೆ ಕಿವಿ ಡಾಕ್ಟರ್ ಯಾಕೆ ಉತ್ತರ ಕೊಡುತ್ತಿದ್ದಾರೆ ಅಂತ ಒಬ್ಬರು ತಮಾಷೆ ಮಾಡಿದ್ದಾರೆ. ಅದಕ್ಕೂ ಉತ್ತರ ಕೆಳಗಿದೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಕ್ರೂಸ್ ಬುಕ್ ಮಾಡಿದ್ದೇವೆ. ನನ್ನ ಹೆಂಡತಿಗೆ ಕೊಟ್ಟಿಗೆಹಾರ ದಾಟಿದರೆ ಸಾಕು, ಚಾರ್ಮಾಡಿ ಇಳಿಯುವಷ್ಟರಲ್ಲಿ ಮೂರು ಸಲ ವಾಂತಿ. ಎಂಟು ವರ್ಷದ ಮಗಳೂ ಹಾಗೇ. ಹಡಗಿನಲ್ಲಿ ಗತಿ ಏನು? ಕ್ಯಾನ್ಸಲ್ ಮಾಡಲೇ? — ದಾವಣಗೆರೆಯ ಓದುಗರು

ಕ್ಯಾನ್ಸಲ್ ಮಾಡಬೇಡಿ. ಆದರೆ ತಯಾರಿ ಇಲ್ಲದೆ ಹೋಗಬೇಡಿ.

ನಮ್ಮ ಒಳಗಿವಿಯಲ್ಲಿ ನೀರು ತುಂಬಿದ ಮೂರು ಸಣ್ಣ ಬಳೆಗಳಿವೆ, ಪಕ್ಕದಲ್ಲೇ ಸುಣ್ಣದ ಪುಟ್ಟ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ತಲೆ ತಿರುಗಿತೋ, ಮೇಲೆ ಹೋಯಿತೋ, ಕೆಳಗೆ ಬಂತೋ ಅಂತ ಮೆದುಳಿಗೆ ಹೇಳುವುದು ಇವೇ. ಕ್ಯಾಬಿನ್ ಒಳಗೆ ಕೂತಾಗ ಗೋಡೆ, ಮಂಚ, ಮೇಜು ಎಲ್ಲ ನಿಮ್ಮ ಜೊತೆಗೇ ಅಲುಗುತ್ತವೆ, ಹಾಗಾಗಿ ಕಣ್ಣು "ಏನೂ ಅಲುಗುತ್ತಿಲ್ಲ" ಅನ್ನುತ್ತದೆ, ಕಿವಿ ಮಾತ್ರ "ಅಲುಗುತ್ತಿದೆ" ಅನ್ನುತ್ತಲೇ ಇರುತ್ತದೆ. ಈ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ. ಕಿವಿಯ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಕಡಲಬೇನೆ ಬರುವುದೇ ಇಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ವಿಜ್ಞಾನಿಗಳು ಕಿವುಡರಿಗಾಗಿಯೇ ಇರುವ ಗಾಲೊಡೆಟ್ ಕಾಲೇಜಿನಿಂದ, ಒಳಗಿವಿಯ ಈ ಭಾಗವೂ ಕೆಟ್ಟಿದ್ದ 11 ಮಂದಿಯನ್ನು ಆರಿಸಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಒಮ್ಮೆ ಕೆನಡಾದ ನೋವಾ ಸ್ಕೋಷಿಯಾ ಹತ್ತಿರ ಅಬ್ಬರದ ಕಡಲಿಗೂ ಕರೆದುಕೊಂಡು ಹೋದರು. ಇವರು ಆರಾಮವಾಗಿ ಇಸ್ಪೀಟು ಆಡುತ್ತಿದ್ದರಂತೆ. ವಿಜ್ಞಾನಿಗಳಿಗೇ ವಾಂತಿ ಶುರುವಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಕಿವಿ ಡಾಕ್ಟರ್ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಘಾಟಿಯಲ್ಲಿ ಕಷ್ಟಪಡುವವರಿಗೆ ಕಡಲಲ್ಲೂ ಕಷ್ಟ ಆಗುವ ಸಾಧ್ಯತೆ ಜಾಸ್ತಿ, ಅದು ನಿಜ. ಆದರೆ ಎರಡೂ ಒಂದೇ ಅಲ್ಲ. ಚಾರ್ಮಾಡಿಯಲ್ಲಿ ತಿರುವು ಮತ್ತು ಬ್ರೇಕ್ ಸೇರಿ ಕಾಡುತ್ತವೆ, ಕಡಲಲ್ಲಿ ಕಾಡುವುದು ನಿಧಾನವಾದ ಏರಿಳಿತ. ಸುಮಾರು ಐದು ಸೆಕೆಂಡಿಗೆ ಒಂದು ಸಲ ಏರಿ ಇಳಿಯುವ ಕುಲುಕಾಟವೇ ಅತಿ ಕೆಟ್ಟದ್ದು. ದೊಡ್ಡ ಕ್ರೂಸ್ ಹಡಗುಗಳ ಪಕ್ಕದಲ್ಲಿ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಅವು ಪಕ್ಕಕ್ಕೆ ತೂಗುವುದನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ, ಮುಂದೆ-ಹಿಂದೆ ಕುಕ್ಕುವುದನ್ನು ಅಷ್ಟಾಗಿ ತಗ್ಗಿಸಲಾರವು. ಮತ್ತೆ ನೀವು ಆರಿಸಿದ ತಿಂಗಳು ಒಳ್ಳೆಯದು. ನಮ್ಮ ಪಶ್ಚಿಮದ ಕಡಲು ಹುಚ್ಚೇಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಗ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಗಳೂ ನಿಂತಿರುತ್ತವೆ. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಶಾಂತ.

ಟ್ರಾವೆಲ್ ಏಜೆಂಟರು ಹೇಳದ ಒಂದು ವಿಷಯ ಇದೆ. ಲಕ್ಷದ್ವೀಪದಲ್ಲಿ ನೀರು ಆಳವಿಲ್ಲ, ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲೇ ಲಂಗರು ಹಾಕುತ್ತಾರೆ, ಅಲ್ಲಿಂದ ಸಣ್ಣ ದೋಣಿಯಲ್ಲಿ ದ್ವೀಪಕ್ಕೆ. ಎರಡು ದಿನ ಹಡಗಿನಲ್ಲಿ ಚೆನ್ನಾಗಿದ್ದವರು ಈ ದೋಣಿಯಲ್ಲಿ ಹತ್ತೇ ನಿಮಿಷಕ್ಕೆ ಬಿಳಿಚಿಕೊಳ್ಳುವುದನ್ನು ನೋಡಿದ್ದೇನೆ. "ಹಡಗಲ್ಲಿ ಏನೂ ಆಗಲಿಲ್ಲ, ಇನ್ನು ಮಾತ್ರೆ ಯಾಕೆ" ಅಂತ ಅವತ್ತು ಬಿಟ್ಟಿರುತ್ತಾರೆ. ಮಾತ್ರೆಯ ಲೆಕ್ಕವನ್ನು ದೋಣಿ ಹತ್ತುವ ಹೊತ್ತಿಗೆ ಇಟ್ಟುಕೊಳ್ಳಿ.

ಈಗ ಮಾತ್ರೆ. ನಮ್ಮಲ್ಲಿ ಸಿಗುವವು ಮುಖ್ಯವಾಗಿ ಮೂರು. ಒಂದು ಪ್ರೊಮೆಥಜಿನ್, ಅಂದರೆ ನಿಮ್ಮ ಅಜ್ಜಿಯ ಕಾಲದಿಂದಲೂ ಬಸ್ಸಿನವರು ನುಂಗುವ ಆವೊಮಿನ್, 25 ಮಿಲಿಗ್ರಾಂ. ಪ್ರಯಾಣ ಉದ್ದವಿದ್ದರೆ ಹಿಂದಿನ ರಾತ್ರಿ ಮಲಗುವಾಗಲೇ ತೆಗೆದುಕೊಳ್ಳುತ್ತಾರೆ, ಚಿಕ್ಕದಿದ್ದರೆ ಒಂದೆರಡು ಗಂಟೆ ಮುಂಚೆ. ಕೆಲಸ ಚೆನ್ನಾಗಿ ಮಾಡುತ್ತದೆ, ನಿದ್ದೆಯನ್ನೂ ಚೆನ್ನಾಗಿ ಬರಿಸುತ್ತದೆ. ಇನ್ನೊಂದು ಸಿನ್ನಾರಿಜಿನ್, ಸ್ಟುಜೆರಾನ್ ಅಂತ ಸಿಗುತ್ತದೆ, ಎರಡು ಗಂಟೆ ಮುಂಚೆ ಬೇಕು. ಮೂರನೆಯದು ಮೆಕ್ಲಿಜಿನ್, ಒಂದು ಗಂಟೆ ಮುಂಚೆ, ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, 25ರಿಂದ 50 ಮಿಲಿಗ್ರಾಂ. ಯಾವುದು ಹೊಂದುತ್ತದೆ ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ನನ್ನ ಒಂದೇ ಹಟ ಏನೆಂದರೆ, ಹೊರಡುವ ಎರಡು ವಾರ ಮುಂಚೆ ಒಂದು ಭಾನುವಾರ ಮನೆಯಲ್ಲೇ ಒಂದು ಮಾತ್ರೆ ನುಂಗಿ ನೋಡಿ. ಕೆಲವರು ಅರ್ಧ ದಿನ ಮಂಕಾಗಿ ಬಿದ್ದಿರುತ್ತಾರೆ. ಅದು ಗೊತ್ತಾಗಬೇಕಾದ್ದು ಮನೆಯಲ್ಲಿ, ಹಡಗಿನ ಈಜುಕೊಳದ ಪಕ್ಕದಲ್ಲಲ್ಲ. ಈ ಮಾತ್ರೆಗಳ ಜೊತೆ ಮದ್ಯ ಬೇಡವೇ ಬೇಡ.

ಮಗಳ ಪ್ರಮಾಣ ಮಕ್ಕಳ ಡಾಕ್ಟರ್ ಹೇಳಲಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದು ಅತಿ ಹೆಚ್ಚು ಕಾಡುವುದು. ಎರಡು ವರ್ಷದೊಳಗಿನ ಕೂಸುಗಳಿಗೆ ಬರುವುದು ಅಪರೂಪ, ಅವಕ್ಕೆ ಪ್ರೊಮೆಥಜಿನ್ ಕೊಡಲೇಬಾರದು, ಉಸಿರಾಟಕ್ಕೆ ಅಪಾಯ. ಮಗಳ ಕೈಯಿಂದ ಫೋನ್ ಕಿತ್ತುಕೊಂಡು ಡೆಕ್‌ಗೆ ಕರೆದುಕೊಂಡು ಹೋಗಿ. ಅರ್ಧ ಔಷಧಿ ಅದೇ.

ಪ್ರಶ್ನೆ: ಯಾವ ಕ್ಯಾಬಿನ್ ಒಳ್ಳೆಯದು? ಮೇಲಿನ ಅಂತಸ್ತಿಗೆ ದುಡ್ಡು ಜಾಸ್ತಿ, ಹಾಗಾದರೆ ಅಲ್ಲಿ ಅಲುಗಾಟ ಕಡಿಮೆಯೇ? — ಹುಬ್ಬಳ್ಳಿ

ಉಲ್ಟಾ. ಮೇಲೆ ಹೋದಷ್ಟೂ ತೂಗಾಟ ಜಾಸ್ತಿ, ಮೂತಿಯ ಕಡೆ ಹೋದಷ್ಟೂ ಏರಿಳಿತ ಜಾಸ್ತಿ. ತೊಟ್ಟಿಲನ್ನು ನೆನಪಿಸಿಕೊಳ್ಳಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಕಿಟಕಿ ಇರುವ ಕ್ಯಾಬಿನ್ ತೆಗೆದುಕೊಳ್ಳಿ. ದುಡ್ಡೂ ಉಳಿಯುತ್ತದೆ.

ಪ್ರಶ್ನೆ: ಹೋದ ವರ್ಷ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋಗಿದ್ದೆ. ಒಂಡಾನ್‌ಸೆಟ್ರಾನ್ ನುಂಗಿದ್ದರೂ ದೋಣಿಯಲ್ಲಿ ಸತತ ವಾಂತಿ. ಮಾತ್ರೆ ನಕಲಿಯೇ? — ಬೆಂಗಳೂರು

ಮಾತ್ರೆ ಅಸಲಿಯೇ ಇರಬಹುದು, ಕಾಯಿಲೆ ಬೇರೆ. ಒಂಡಾನ್‌ಸೆಟ್ರಾನ್ ಕೀಮೋ ತೆಗೆದುಕೊಂಡವರ ವಾಂತಿಗೆ, ಹೊಟ್ಟೆ ಕೆಟ್ಟಾಗಿನ ವಾಂತಿಗೆ ಒಳ್ಳೆಯದು. ಅಲುಗಾಟದಿಂದ ಬರುವ ವಾಂತಿಯ ದಾರಿ ಬೇರೆ, ಅಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಅನ್ನುವ ಎರಡು ರಾಸಾಯನಿಕಗಳ ಕಾರುಬಾರು. ಡಾಂಪೆರಿಡಾನ್ ಕೂಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಲರ್ಜಿ ಮಾತ್ರೆಗಳೂ ಹಿಸ್ಟಮಿನ್ ತಡೆಯುವವೇ, ಹಾಗಾಗಿ "ನಿದ್ದೆ ಬರಿಸದ ಅಲರ್ಜಿ ಮಾತ್ರೆ ಕೊಡಿ" ಅಂತ ಕೆಲವರು ಕೇಳುತ್ತಾರೆ, ಅದೂ ಸುಮ್ನೆ. ಅವು ಮೆದುಳಿನ ಒಳಗೆ ಹೆಚ್ಚು ಹೋಗುವುದಿಲ್ಲ, ಅದಕ್ಕೇ ನಿದ್ದೆ ಬರುವುದಿಲ್ಲ, ಅದಕ್ಕೇ ಕೆಲಸವೂ ಆಗುವುದಿಲ್ಲ. ಮತ್ತೆ ಡೈವಿಂಗ್ ಮಾಡುವವರು ನಿದ್ದೆ ಬರಿಸುವ ಮಾತ್ರೆ ನುಂಗಿ ನೀರಿಗಿಳಿಯಬಾರದು, ಡೈವಿಂಗ್ ಗೊತ್ತಿರುವ ಡಾಕ್ಟರನ್ನು ಮೊದಲೇ ಕೇಳಿ.

ಪ್ರಶ್ನೆ: ಶುಂಠಿ, ನಿಂಬೆಹಣ್ಣು, ಹುಣಸೆ ಕ್ಯಾಂಡಿ, ಕೈಗೆ ಕಟ್ಟುವ ಬ್ಯಾಂಡ್: ಇವೆಲ್ಲ ನಿಜವೇ? ನಮ್ಮತ್ತೆ ಮಾತ್ರೆ ಮುಟ್ಟುವುದಿಲ್ಲ. — ಶಿರಸಿ

ಶುಂಠಿಗೆ ಸ್ವಲ್ಪ ಬಲ ಇದೆ. 1988ರಲ್ಲಿ ಡೆನ್ಮಾರ್ಕಿನ ವೈದ್ಯರು 80 ಮಂದಿ ನೌಕಾ ಕೆಡೆಟ್‌ಗಳ ಮೇಲೆ ತೆರೆದ ಕಡಲಿನಲ್ಲೇ ಪ್ರಯೋಗ ಮಾಡಿದ್ದರು. ಒಂದು ಗ್ರಾಂ ಒಣಶುಂಠಿ ಪುಡಿ ತಿಂದವರಲ್ಲಿ ವಾಂತಿ ಕಡಿಮೆಯಾಗಿತ್ತು. ಬೇರೆ ಕೆಲವು ಪ್ರಯೋಗಗಳಲ್ಲಿ ಅಷ್ಟು ಗುಣ ಕಂಡಿಲ್ಲ. ಅತ್ತೆಗೆ ಹೊರಡುವ ಮುಂಚೆ ಶುಂಠಿ ಪುಡಿ ಜೇನಿನಲ್ಲಿ ಕಲಸಿ ಕೊಡಿ, ಜೇಬಿನಲ್ಲಿ ಶುಂಠಿ ಪೆಪ್ಪರ್‌ಮಿಂಟ್ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ನಿಂಬೆಹಣ್ಣು ಮೂಸುವುದು ಡೀಸೆಲ್ ವಾಸನೆಯನ್ನು ಮುಚ್ಚುತ್ತದೆ, ಅದೇನೂ ಸಣ್ಣ ಉಪಕಾರ ಅಲ್ಲ. ಬ್ಯಾಂಡ್ ಮಣಿಕಟ್ಟಿನಿಂದ ಮೂರು ಬೆರಳು ಮೇಲೆ ಒತ್ತುತ್ತದೆ, ಪುರಾವೆ ತೆಳು. ಅಪಾಯ ಏನಿಲ್ಲ, ಕಟ್ಟಿಕೊಳ್ಳಲಿ.

ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಬರಲ್ಲ ಅನ್ನುವುದು ತಪ್ಪು. ಎರಡು ಇಡ್ಲಿ, ಮೊಸರನ್ನ, ರಸ್ಕು, ಇಷ್ಟು ಸಾಕು. ಹಡಗಿನ ಬಫೆಯಲ್ಲಿ ದುಡ್ಡು ವಸೂಲಿ ಮಾಡುವ ಉತ್ಸಾಹ ಮೊದಲ ದಿನ ಬೇಡ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಕೆರಿಬಿಯನ್ ಕ್ರೂಸ್‌ಗೆ ಕರೆದೊಯ್ಯುತ್ತಿದ್ದೇವೆ. ಕಿವಿ ಹಿಂದೆ ಅಂಟಿಸುವ ಪ್ಯಾಚ್ ಹಾಕಬಹುದೇ? ಅಪ್ಪನಿಗೆ 70, ಪ್ರಾಸ್ಟೇಟ್ ತೊಂದರೆ ಇದೆ.

ಅಪ್ಪನಿಗೆ ಬೇಡ. ಆ ಪ್ಯಾಚ್‌ನಲ್ಲಿರುವುದು ಸ್ಕೋಪೊಲಮಿನ್. ಒಳ್ಳೆಯ ಔಷಧಿ, ಒಂದು ಅಂಟಿಸಿದರೆ ಮೂರು ದಿನ ನಡೆಯುತ್ತದೆ, ಹಡಗು ಹೊರಡುವ ನಾಲ್ಕು ಗಂಟೆ ಮುಂಚೆಯಾದರೂ ಅಂಟಿಸಬೇಕು. ಆದರೆ ಪ್ರಾಸ್ಟೇಟ್ ದಪ್ಪ ಇರುವವರಿಗೆ ಮೂತ್ರ ಕಟ್ಟಿಬಿಡಬಹುದು. ಕೆಲವು ಬಗೆಯ ಗ್ಲುಕೋಮಾ ಇದ್ದರೆ ಕಣ್ಣಿಗೇ ಅಪಾಯ. ವಯಸ್ಸಾದವರಲ್ಲಿ ಗೊಂದಲ, ಇಲ್ಲದ್ದು ಕಾಣಿಸುವುದು, ಇವೂ ಆಗುತ್ತವೆ. ಇದು ಬೆವರನ್ನೂ ತಡೆಯುತ್ತದೆ, ಹಾಗಾಗಿ ಬಿಸಿಲಲ್ಲಿ ಮೈ ಕಾವೇರಬಹುದು ಅಂತ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಿಶೇಷ ಎಚ್ಚರಿಕೆ ಕೊಟ್ಟಿದೆ. ಕೆರಿಬಿಯನ್ ಬಿಸಿಲು ಗೊತ್ತಲ್ಲ.

ಪ್ರೊಮೆಥಜಿನ್, ಮೆಕ್ಲಿಜಿನ್ ಕೂಡ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಹುಷಾರಾಗಿ ಕೊಡಬೇಕಾದವೇ. ಅಪ್ಪ ಊರಿಂದ ಸ್ಟುಜೆರಾನ್ ತಂದಿದ್ದರೆ, ಕೈ ನಡುಕ ಅಥವಾ ಪಾರ್ಕಿನ್ಸನ್ ಇದೆಯೇ ಅಂತ ಮೊದಲು ನೋಡಿ, ಅದು ಆ ಕಾಯಿಲೆಯನ್ನು ಹೆಚ್ಚಿಸುತ್ತದೆ. ಅಲ್ಲಿನ ಡಾಕ್ಟರಿಗೆ ಅವರು ನುಂಗುವ ಎಲ್ಲ ಮಾತ್ರೆಯ ಚೀಟಿ ತೋರಿಸಿ ನಿರ್ಧರಿಸಿ. ಅಮ್ಮನಿಗೆ ಈ ತೊಂದರೆಗಳಿಲ್ಲದಿದ್ದರೆ ಪ್ಯಾಚ್ ಬಗ್ಗೆ ಅದೇ ಡಾಕ್ಟರನ್ನು ಕೇಳಬಹುದು. ಅಂಟಿಸಿದ ಮೇಲೆ ಕೈ ಸೋಪಿನಿಂದ ತೊಳೆಯಲೇಬೇಕು. ಆ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಪಾಪೆ ಅಗಲವಾಗಿ ಎಲ್ಲ ಮಬ್ಬು ಕಾಣುತ್ತದೆ, ಮನೆಯವರು ಪಾರ್ಶ್ವವಾಯು ಅಂತ ಹೆದರುತ್ತಾರೆ. "ಡೋಸ್ ಕಡಿಮೆ ಇರಲಿ" ಅಂತ ಕತ್ತರಿಸಿ ಹಾಕುವುದೂ ಬೇಡ.

ಪ್ರಶ್ನೆ: ಎಲ್ಲ ಮಾಡಿಯೂ ವಾಂತಿ ಶುರುವಾಗಿಬಿಟ್ಟರೆ? — ತುಮಕೂರು

ಶುರುವಾಗುವ ಮುಂಚೆ ಮೈ ಹೇಳುತ್ತದೆ. ಸುಮ್ಮಸುಮ್ಮನೆ ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು, ಮುಖ ಬಿಳಿಚುವುದು. ಆಕಳಿಕೆ ಬಂದಾಗಲೇ ಎದ್ದು ಹೊರಗೆ ಬನ್ನಿ.

ವಿದ್ಯಾರ್ಥಿಯಾಗಿದ್ದಾಗ ಗೆಳೆಯನ ಜೊತೆ ಮಲ್ಪೆಯಿಂದ ಮೀನು ಬೋಟಿನಲ್ಲಿ ಹೋಗಿದ್ದೆ. ಪರೀಕ್ಷೆ ಹತ್ತಿರವಿತ್ತು ಅಂತ ಪುಸ್ತಕ ಹಿಡಿದು ಇಂಜಿನ್ ಪಕ್ಕ ಕೂತಿದ್ದೆ, ಬುದ್ಧಿವಂತ! ಅರ್ಧ ಗಂಟೆಯಲ್ಲಿ ಕರುಳೇ ಹೊರಗೆ ಬಂದ ಹಾಗಾಯಿತು. ಬೋಟಿನ ಹಿರಿಯರೊಬ್ಬರು ಪುಸ್ತಕ ಕಿತ್ತಿಟ್ಟು, ಗಾಳಿ ಬರುವ ಕಡೆ ಕೂರಿಸಿ, ಕಾಪು ಲೈಟ್‌ಹೌಸ್ ತೋರಿಸಿ, "ಅದರಿಂದ ಕಣ್ಣು ತೆಗೀಬೇಡಿ" ಅಂದರು. ಇಪ್ಪತ್ತು ನಿಮಿಷದಲ್ಲಿ ಮನುಷ್ಯನಾದೆ. ಅಲುಗದ ಒಂದನ್ನು ಕಣ್ಣಿಗೆ ಕೊಟ್ಟರೆ ಕಿವಿಯ ಜೊತೆ ಜಗಳ ನಿಲ್ಲುತ್ತದೆ. ದಡ ಕಾಣದಿದ್ದರೆ ಬಾನು ಕಡಲು ಸೇರುವ ಗೆರೆ ನೋಡಿ. ಹೊರಗೆ ಹೋಗಲಾಗದಿದ್ದರೆ ಅಂಗಾತ ಮಲಗಿ, ತಲೆ ಅಲುಗದ ಹಾಗೆ ದಿಂಬು ಒತ್ತಿಟ್ಟು, ಕಣ್ಣು ಮುಚ್ಚಿ. ಇದೆಲ್ಲದರ ನಡುವೆ ಅಲೆ ನೋಡುತ್ತ ರೇಲಿಂಗ್ ಮೇಲೆ ಬಾಗಬೇಡಿ, ವಾಂತಿಗೆ ಕವರ್ ಇರಲಿ.

ವಾಂತಿ ಶುರುವಾದ ಮೇಲೆ ಮಾತ್ರೆಗೆ ಬೆಲೆ ಕಡಿಮೆ. ಹೊಟ್ಟೆಯ ಕೆಲಸವೇ ನಿಧಾನವಾಗಿರುತ್ತದೆ, ಮಾತ್ರೆ ಒಳಗೆ ಹೋದರೂ ಅಲ್ಲೇ ಕೂತಿರುತ್ತದೆ ಅಥವಾ ಹೊರಗೆ ಬರುತ್ತದೆ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ನಾಚಿಕೆ ಬೇಡ. ಐದೈದು ನಿಮಿಷಕ್ಕೆ ಒಂದು ಗುಟುಕು ಓಆರ್‌ಎಸ್ ಕುಡಿಯಿರಿ. ಮೂತ್ರ ಹೋಗುವುದು ತೀರ ಕಡಿಮೆಯಾದರೆ, ನಾಲಿಗೆ ಒಣಗಿ ಮಂಪರು ಬಂದರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೊಟ್ಟೆಯಲ್ಲಿ ಊಟ ನಿಲ್ಲದಿದ್ದರೆ, ಕಾಯಬೇಡಿ. ಎದೆನೋವಿನ ಜೊತೆ ವಾಂತಿಯಾದರೆ ಅದನ್ನು ಕಡಲಿನ ತಲೆಗೆ ಕಟ್ಟಲೇಬೇಡಿ. ಭೇದಿ, ಜ್ವರ ಸೇರಿದ್ದರೆ ಅದು ಕಡಲಬೇನೆಯಲ್ಲ, ಸೋಂಕು. ಹಡಗುಗಳಲ್ಲಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು.

ಸಮಾಧಾನದ ಸಂಗತಿ ಅಂದರೆ ಎರಡು ಮೂರು ದಿನದಲ್ಲಿ ಹೆಚ್ಚಿನವರಿಗೆ ಮೈ ಒಗ್ಗುತ್ತದೆ. ಎಲ್ಲರಿಗೂ ಅಲ್ಲ. ವಿಜ್ಞಾನಿ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತಿದರು, ಕಡೆಯವರೆಗೂ ಈ ಕಾಟ ಬಿಡಲಿಲ್ಲ.

ಪ್ರಶ್ನೆ: ಹಡಗಿನಿಂದ ಇಳಿದು ಮೂರು ದಿನವಾಯಿತು. ಹಡಗಿನಲ್ಲಿ ಏನೂ ಆಗಿರಲಿಲ್ಲ, ಈಗ ಮನೆಯಲ್ಲಿ ಸ್ನಾನ ಮಾಡುವಾಗ ನೆಲವೇ ತೂಗುತ್ತದೆ. ಬಿಪಿ ನಾರ್ಮಲ್. — ಮೈಸೂರು

ಹಡಗಿಗೆ ಒಗ್ಗಿದ ಮೆದುಳು ಈಗ ನೆಲಕ್ಕೆ ಒಗ್ಗಬೇಕು, ಅಷ್ಟೇ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ, ನಿಮಗೆ ಸ್ವಲ್ಪ ತಡವಾಗಿದೆ. ಬಚ್ಚಲಲ್ಲಿ ಗೋಡೆ ಹಿಡಿದುಕೊಳ್ಳಿ, ಸದ್ಯ ಸ್ಕೂಟರ್ ಓಡಿಸಬೇಡಿ, ಚೆನ್ನಾಗಿ ನಡೆದಾಡಿ. ಮಾತು ತೊದಲುವುದು, ಕೈಕಾಲು ಸೋಲುವುದು, ಎರಡೆರಡು ಕಾಣುವುದು ಇದ್ದರೆ ಈಗಲೇ ಆಸ್ಪತ್ರೆಗೆ ಹೋಗಿ, ಅದು ಬೇರೆ. ಬರೀ ತೂಗಾಟವೇ ತಿಂಗಳಾದರೂ ಹೋಗದಿದ್ದರೆ ಕಿವಿ ಅಥವಾ ನರರೋಗ ತಜ್ಞರಿಗೆ ತೋರಿಸಿ. ಆಗ ಅವರಿಗೆ ಮರೆಯದೆ ಹೇಳಬೇಕಾದ್ದು ಒಂದಿದೆ: ಕಾರಿನಲ್ಲಿ ಹೋಗುವಾಗ ತೂಗಾಟ ಮಾಯವಾಗಿ, ಇಳಿದು ನಿಂತ ಕೂಡಲೇ ಮತ್ತೆ ಬರುತ್ತದೆಯೇ ಅಂತ. ಹಾಗಿದ್ದರೆ ಅದು ಹಡಗೇ ಕೊಟ್ಟದ್ದು ಅಂತ ಅವರಿಗೆ ಬೇಗ ಹೊಳೆಯುತ್ತದೆ.