ಎಂಡೋಮೆಟ್ರಿಯೋಸಿಸ್ ನೋವಿಗೆ ಕೌನ್ಸೆಲಿಂಗ್ ಅಂದರೆ, ನೋವು ಬರೀ ಮನಸ್ಸಿನದ್ದು ಅಂತಲಾ?

ಅಲ್ಲ. ‘ಆಪರೇಷನ್ ಮಾಡಿಸಲಾ, ಕೌನ್ಸೆಲಿಂಗ್‌ಗೆ ಹೋಗಲಾ’ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಕೂತಿದ್ದವಳೇ. ಎರಡರಲ್ಲಿ ಒಂದನ್ನೇ ಆರಿಸಬೇಕು ಅನ್ನೋ ಲೆಕ್ಕವೇ ಸರಿಯಿಲ್ಲ.

ಎಂಡೋಮೆಟ್ರಿಯೋಸಿಸ್‌ನಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗಡೆ ಬೆಳೆದು ಉರಿಯೂತ ತರುತ್ತೆ, ಅದು ನಿಜವಾದ ಕಾಯಿಲೆ. ಆದರೆ ವರ್ಷಗಟ್ಟಲೆ ನೋವು ಉಂಡ ನರಗಳು ಸಣ್ಣ ಸೆಳೆತಕ್ಕೂ ದೊಡ್ಡದಾಗಿ ಕೂಗಿಕೊಳ್ಳೋಕೆ ಶುರುಮಾಡುತ್ತವೆ. ಲ್ಯಾಪರೊಸ್ಕೋಪಿಯಲ್ಲಿ (ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡೋದು) ಕಂಡ ಕಾಯಿಲೆಯ ಹಂತಕ್ಕೂ ನೋವಿನ ತೀವ್ರತೆಗೂ ಎಷ್ಟೋ ಸಲ ತಾಳೆಯೇ ಆಗಲ್ಲ. ಕೌನ್ಸೆಲಿಂಗ್ ಆ ಅಂಗಾಂಶವನ್ನು ಕರಗಿಸಲ್ಲ. ನೋವಿನ ಜೊತೆ ಬರೋ ಭಯ, ನಿದ್ದೆಗೇಡು, ಹೊಟ್ಟೆ ಬಿಗಿಹಿಡಿಯೋ ಅಭ್ಯಾಸ ಇವನ್ನು ಸಡಿಲಿಸುತ್ತೆ.

ನಮ್ಮಲ್ಲಿ ಹೆಚ್ಚಿನವರು ಎಡವೋದು ನೋವಿಲ್ಲದ ದಿನ. ಬಾಕಿ ಕೆಲಸವನ್ನೆಲ್ಲ ಅವತ್ತೇ ಮುಗಿಸಿ, ಮುಂದಿನ ಎರಡು ದಿನ ಹಾಸಿಗೆ ಹಿಡಿಯೋದು. ಹೀಗೇ ಆಗ್ತಾ ಹೋದರೆ ‘ಓಡಾಡಿದರೆ ನೋವು ಗ್ಯಾರಂಟಿ’ ಅಂತ ಮೆದುಳಿಗೆ ಪಾಠವಾಗಿ, ಆಮೇಲೆ ಚೆನ್ನಾಗಿರೋ ದಿನವೂ ಹೆದರಿಸುತ್ತೆ. ಇದನ್ನು ಸರಿಪಡಿಸೋದು ಹೀಗೆ: ನೋವು ಏರೋಕೆ ಮುಂಚೆ ಎಷ್ಟು ಹೊತ್ತು ನಿಂತು ಕೆಲಸ ಮಾಡ್ತೀರಿ ಅಂತ ಮೂರು ದಿನ ನೋಡಿ. 20, 30, 25 ನಿಮಿಷ ಬಂದರೆ ಸರಾಸರಿ 25, ಅದರ ಐದನೇ ಒಂದು ಭಾಗ ಕಳೆದರೆ 20. ಅಷ್ಟಕ್ಕೆ ಟೈಮರ್ ಇಟ್ಟು, ಅದು ಹೊಡೆದ ಕೂಡಲೇ ಕೂರಿ. ನೋವಿಲ್ಲದಿದ್ದರೂ ಕೂರಬೇಕು, ಕಷ್ಟ ಇರೋದೇ ಅಲ್ಲಿ. ವಾರಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಏರಿಸಬೇಡಿ. ಮುಟ್ಟಿನ ವಾರದಲ್ಲಿ ಏರಿಸಲೇಬೇಡಿ.

ಥೆರಪಿಸ್ಟ್‌ಗೆ ಮೊದಲ ಭೇಟಿಯಲ್ಲೇ ಕೇಳಿ: ದೀರ್ಘಕಾಲದ ನೋವಿರೋರನ್ನು ನೋಡಿದ್ದೀರಾ? ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸೋ ಮಾತಿನ ಚಿಕಿತ್ಸೆ) ಅಥವಾ ಎಸಿಟಿ (ನೋವನ್ನು ಒಪ್ಪಿಕೊಂಡೇ ಬೇಕಾದ ಬದುಕು ನಡೆಸೋಕೆ ಕಲಿಸೋ ಚಿಕಿತ್ಸೆ) ತರಬೇತಿ ಆಗಿದೆಯಾ? ‘ಟೆನ್ಶನ್ ಬಿಡಿ, ಎಲ್ಲ ಸರಿಹೋಗುತ್ತೆ’ ಅಂದರೆ ಬೇರೆಯವರನ್ನು ಹುಡುಕಿ. ಸಂಭೋಗದಲ್ಲಿ ನೋವಿದ್ದರೆ ಸಂಗಾತಿಯನ್ನೂ ಒಂದು ಸಲ ಕರೆದೊಯ್ಯಿರಿ, ಜೊತೆಗೆ ಪೆಲ್ವಿಕ್ ಫಿಸಿಯೋಥೆರಪಿಯನ್ನೂ (ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಕೊಡೋ ಫಿಸಿಯೋಥೆರಪಿ) ವಿಚಾರಿಸಿ.

ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ಶುರುವಾದ ಮೇಲೆ ಮನಸ್ಸು ಕುಗ್ಗಿದರೆ ನಿಮ್ಮ ಸ್ವಭಾವವನ್ನು ಬೈದುಕೊಳ್ಳಬೇಡಿ. ಸ್ತ್ರೀರೋಗ ತಜ್ಞರಿಗೆ ಹೇಳಿ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಸಾಯೋ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ತುರ್ತು ಚಿಕಿತ್ಸೆಗೆ ಹೋಗಿ.

ನೋವಿನ ಡೈರಿ ಇಡೋದಾದರೆ, ಅದರಲ್ಲಿ ಬರೀ ‘ನೋವು ಹತ್ತಕ್ಕೆ 7’ ಅಂತ ಬರೆದರೆ ಡಾಕ್ಟರಿಗೆ ಏನೂ ತಿಳಿಯಲ್ಲ. ‘ಸ್ನಾನಕ್ಕೆ ಏಳೋಕಾಗಲಿಲ್ಲ, ಮಲವಿಸರ್ಜನೆ ವೇಳೆ ಚುಚ್ಚಿತು, ರಾತ್ರಿ ಮೂರು ಸಲ ಎಚ್ಚರ’ ಅಂತ ಬರೆಯಿರಿ.