ಗಾಜಿನ ಚರಿತ್ರೆ ಬರೆದವರಿಗೊಂದು ಉತ್ತರ

ಮಾನ್ಯರೇ, ನಮಸ್ಕಾರ.

ಶಿವಮೊಗ್ಗದಿಂದ ಹೊರಡುವ ನಮ್ಮ ಪತ್ರಿಕೆಗೆ ನೀವು ತೀರ್ಥಹಳ್ಳಿಯಿಂದ ಕಳುಹಿಸಿದ, ಗಾಜಿನ ಬಳಕೆ ಮತ್ತು ಕಲೆಯ ಚರಿತ್ರೆ ಹೇಳುವ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ ಮೆಸೊಪೊಟೇಮಿಯಾದ ಮಣಿಗಳಿಂದ ವೆನಿಸ್ಸಿನ ಹೂಜಿಗಳವರೆಗೆ ಇಸವಿಗಳು ಸಾಲುಗಟ್ಟಿ ಬಂದು ಹೋಗುತ್ತವೆಯೇ ಹೊರತು, ಕುಲುಮೆಯ ಮುಂದೆ ನಿಂತವನು ಕೈಯಿಂದ ಏನು ಮಾಡಿದನೆಂಬುದು ಎಲ್ಲಿಯೂ ತಿಳಿಯುವುದಿಲ್ಲ.

ಮೊದಲು ತಿದ್ದಲೇಬೇಕಾದವು. ಸಮುದ್ರತೀರದಲ್ಲಿ ಅಡುಗೆಗೆ ಒಲೆ ಹೂಡಿದ ವರ್ತಕರಿಗೆ ಆಕಸ್ಮಿಕವಾಗಿ ಗಾಜು ಸಿಕ್ಕಿತೆಂಬ, ಪ್ರಾಚೀನ ರೋಮಿನ ಬರಹಗಾರ ಪ್ಲಿನಿಯ ಪ್ರಸಂಗವನ್ನು ನೀವು ನಡೆದ ಸಂಗತಿಯೆಂಬಂತೆ ಬರೆದಿದ್ದೀರಿ; ಪ್ಲಿನಿಯೇ ಅದನ್ನು ಜನರ ಬಾಯಲ್ಲಿದ್ದ ಮಾತೆಂದು ಹೇಳಿದ್ದಾನೆ. ಶುದ್ಧ ಮರಳು ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಸೋಡಾ ಎಂಬ ಕ್ಷಾರವನ್ನು ಬೆರೆಸಿದರೆ ಆ ಮಟ್ಟ ಬಹಳಷ್ಟು ಇಳಿಯುತ್ತದೆ, ಹಾಗಿದ್ದೂ ಬಯಲಿನ ಒಲೆಯ ಬೆಂಕಿ ಅದಕ್ಕೆ ಸಾಲದು. ಸೋಡಾ ಮಾತ್ರ ಸೇರಿದ ಗಾಜು ನೀರಿನಲ್ಲಿ ಕರಗುತ್ತದೆ, ಅದನ್ನು ಗಟ್ಟಿ ನಿಲ್ಲಿಸುವುದು ಸುಣ್ಣದ ಅಂಶ ಎಂಬುದನ್ನೂ ಅಲ್ಲಿಯೇ ಹೇಳಬೇಕಿತ್ತು. ಇನ್ನು 1291ರಲ್ಲಿ ವೆನಿಸ್ಸಿನ ಕುಲುಮೆಗಳು ಮುರಾನೊ ದ್ವೀಪಕ್ಕೆ ಹೋದದ್ದು ಕಸುಬಿನ ಗುಟ್ಟು ಕಾಯುವುದಕ್ಕಾಗಿ ಎಂದಿದ್ದೀರಿ. ಊರಿಗೆ ಬೆಂಕಿ ಬಿದ್ದೀತೆಂಬ ಭಯವೇ ಆಗಿನ ಮುಖ್ಯ ಕಾರಣ.

ನನಗೆ ಹೆಚ್ಚು ಬೇಸರ ತಂದದ್ದು ‘ನಂತರ ಊದುವ ವಿಧಾನ ಬಂದಿತು’ ಎಂಬ ನಿಮ್ಮ ಒಂದೇ ವಾಕ್ಯ. ಅದಕ್ಕೂ ಮೊದಲು ಮಣ್ಣಿನ ತಿರುಳಿನ ಸುತ್ತ ಕರಗಿದ ಗಾಜನ್ನು ಎಳೆಯೆಳೆಯಾಗಿ ಸುತ್ತಿ, ಆರಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಹಾಗಾಗಿ ಅಂಗೈಯಗಲದ ಸುಗಂಧದ ಕುಪ್ಪಿಯೂ ಸಿರಿವಂತರ ವಸ್ತುವಾಗಿತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ, ಮೆಡಿಟರೇನಿಯನ್ನಿನ ಪೂರ್ವ ಕರಾವಳಿಯಲ್ಲಿ, ಕೊಳವೆಯ ತುದಿಗೆ ಅಂಟಿಸಿಕೊಂಡ ಗಾಜಿನ ಮುದ್ದೆಗೆ ಉಸಿರು ತುಂಬಿದವರು ಅದೇ ಕೆಲಸವನ್ನು ಅರೆಗಳಿಗೆಯಲ್ಲಿ ಮುಗಿಸತೊಡಗಿದರು, ರೋಮಿನ ಸಾಮಾನ್ಯರ ಮನೆಗೂ ಗಾಜಿನ ಲೋಟ ಬಂದಿತು. ನಿಮ್ಮ ಲೇಖನದ ನಡುಗಂಬ ಇದೇ ಆಗಬೇಕು. ಮುರಾನೊದ ಬಣ್ಣಗಳನ್ನು ಹೊಗಳುವ ಎರಡು ಪುಟಗಳನ್ನು ಧಾರಾಳವಾಗಿ ಕತ್ತರಿಸಿರಿ.

ಉಪಯೋಗಕ್ಕೊಂದು ಭಾಗ, ಕಲೆಗೊಂದು ಭಾಗ ಎಂದು ನೀವು ಎಳೆದ ಗೆರೆಯೂ ನಿಲ್ಲುವುದಿಲ್ಲ. ನೀವೇ ಕೊನೆಯಲ್ಲಿ ಹೆಸರಿಸಿ ಬಿಟ್ಟ ಗೋಲಿ ಸೋಡಾ ಬಾಟಲಿಯನ್ನು ನೋಡಿರಿ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಈ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ತುಂಬುತ್ತಾರೆ. ಗೋಲಿ ಬಾಯಿಯತ್ತ ಜಾರುತ್ತದೆ, ಒಳಗಿನ ಅನಿಲದ ಒತ್ತಡ ಅದನ್ನು ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಉರುಳದಂತೆ ತಡೆಯುವುದು ಕತ್ತಿನ ಒಂದು ಮಗ್ಗುಲಲ್ಲಿರುವ ಎರಡು ತಗ್ಗುಗಳು. ಆ ತಗ್ಗುಗಳು ಮೇಲ್ಮಗ್ಗುಲಿಗೆ ಬರುವಂತೆ ಬಾಟಲಿಯನ್ನು ಬಗ್ಗಿಸಿದವನಿಗೆ ಸೋಡಾ ಸಿಗುವುದಿಲ್ಲ. ಚೆಲುವಿಗೆಂದು ಕೊರೆದಂತೆ ಕಾಣುವ ಆ ತಗ್ಗು ಪೂರ್ತಿಯಾಗಿ ಕೆಲಸಕ್ಕೆ ಹುಟ್ಟಿದ್ದು. ಮಳೆಗಾಲದ ಮಲೆನಾಡಿನ ಮನೆಯೊಳಗೆ ಬೆಳಕಿಳಿಸುವ ಗಾಜಿನ ಹೆಂಚಿನದೂ ಇದೇ ಕಥೆ: ಅಕ್ಕಪಕ್ಕದ ಮಣ್ಣಿನ ಹೆಂಚುಗಳ ಕಚ್ಚುಗಳಿಗೆ ಸರಿಯಾಗಿ ಕೂರಬೇಕಾದ್ದರಿಂದ ಅದಕ್ಕೆ ಆ ಏರುತಗ್ಗುಗಳು ಬಂದಿವೆ. ನಿಮ್ಮ ಅಜ್ಜಿಮನೆಯ ಅಡುಗೆಕೋಣೆಯ ಹೆಂಚನ್ನು ‘ಬೆಳಕಿನ ಕವಿತೆ’ ಎಂದಿದ್ದೀರಿ. ಆ ಮಾತನ್ನು ಹೊಡೆದುಹಾಕಿ, ಅದು ಮಾಡಿನಲ್ಲಿ ಹೇಗೆ ಕೂತಿದೆಯೆಂದು ಬರೆಯಿರಿ.

ಪರಿಷ್ಕರಿಸಿದ ಪ್ರತಿ ಈಗಿನದರ ಅರ್ಧದಷ್ಟಿದ್ದರೆ ಸಾಕು. ಬಾಟಲಿಯ ಕತ್ತಿನ ರೇಖಾಚಿತ್ರವೊಂದನ್ನು ಜೊತೆಗಿಟ್ಟರೆ ಅಚ್ಚಿಗೆ ಅನುಕೂಲ. ಪುಟ ಕಟ್ಟುವ ಮುನ್ನ ಇನ್ನೊಮ್ಮೆ ಓದಿ ತಿಳಿಸುತ್ತೇನೆ.

ಇತಿ,
ಸಂಪಾದಕ